ಷೇರು ಮಾರಿದರೆ ಯುದ್ಧ ನಿಲ್ಲುತ್ತದೆಯೇ?

ಓದುಗರ ಹಣಕಾಸಿನ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಲೆಕ್ಕಪರಿಶೋಧಕರ ಉತ್ತರ

ಪ್ರಶ್ನೆ: ನನ್ನ ಅಳಿಯ ಅಮೆರಿಕದಲ್ಲಿ ಹೋಗುವುದು ಪ್ರೆಸ್ಬಿಟೇರಿಯನ್ ಚರ್ಚಿಗೆ. ಪ್ಯಾಲೆಸ್ತೀನಿಯರ ಮನೆ ಕೆಡವಲು ಬಳಕೆಯಾಗುವ ಯಂತ್ರಗಳ ಕಂಪನಿಯ ಷೇರುಗಳನ್ನು ಆ ಚರ್ಚು ಮಾರಿತಂತೆ. ಇದನ್ನು ಕೇಳಿದ ನಮ್ಮ ಚರ್ಚು ಸಭೆಯ ಯುವಕರು, ನಮ್ಮ ಹಣ ಎಲ್ಲಿದೆ ತೋರಿಸಿ ಎಂದು ಹಟ ಹಿಡಿದಿದ್ದಾರೆ. ನಾನು ಖಜಾಂಚಿ. ಷೇರು ಮಾರಿದರೆ ಯುದ್ಧ ನಿಲ್ಲುತ್ತದೆಯೇ?
– ಹೆಸರು ಬೇಡ, ಬೆಟಗೇರಿ

ಉತ್ತರ: ಖಜಾಂಚಿಗಳೇ, ನಿಲ್ಲುವುದಿಲ್ಲ. ನೀವು ಮಾರಿದ್ದನ್ನು ಇನ್ನೊಬ್ಬರು ಕೊಳ್ಳುತ್ತಾರೆ, ಅಷ್ಟೇ. 2014ರಲ್ಲಿ ಆ ಚರ್ಚು ಬಿಟ್ಟುಕೊಟ್ಟದ್ದು ಬುಲ್ಡೋಜರ್ ತಯಾರಿಸುವ ಕ್ಯಾಟರ್‌ಪಿಲ್ಲರ್, ಹ್ಯೂಲೆಟ್ ಪ್ಯಾಕರ್ಡ್, ಮೊಟೊರೋಲಾ ಸೊಲ್ಯೂಷನ್ಸ್ ಷೇರುಗಳನ್ನು. ಮೂರೂ ಸೇರಿ ಸುಮಾರು 2.1 ಕೋಟಿ ಡಾಲರ್. ಕ್ಯಾಟರ್‌ಪಿಲ್ಲರ್ ಒಂದರ ಮಾರುಕಟ್ಟೆ ಮೌಲ್ಯವೇ ಆಗ 6,000 ಕೋಟಿ ಡಾಲರ್ ದಾಟಿತ್ತು. ಸೊಳ್ಳೆ ಕಚ್ಚಿದಷ್ಟೂ ಆಗಿರಲಿಕ್ಕಿಲ್ಲ.

ನನಗೆ ಹಿಡಿಸಿದ್ದು ಅದರ ಹಿಂದಿನ ಹತ್ತು ವರ್ಷ. 2004ರಿಂದ ಅವರು ಷೇರುದಾರರಾಗಿ ಕಂಪನಿಗಳಿಗೆ ಪತ್ರ ಬರೆದರು, ಎದುರು ಕುಳಿತು ಕೇಳಿದರು. 2012ರ ಮಹಾಸಭೆಯಲ್ಲಿ ಮಾರುವ ಪ್ರಸ್ತಾವ ಎರಡೇ ಮತಗಳಿಂದ ಬಿತ್ತು. 2014ರಲ್ಲಿ 310–303ರಿಂದ ಗೆದ್ದಿತು. ಇದು ಇಸ್ರೇಲ್ ದೇಶದ ಬಹಿಷ್ಕಾರವಲ್ಲ ಎಂದು ನಿರ್ಣಯದಲ್ಲೇ ಬರೆದರು. ಅಷ್ಟು ಜಗಳವಾಡಿಯೂ ಲೆಕ್ಕವನ್ನು ಬಯಲಿಗಿಟ್ಟರಲ್ಲ!

ಇನ್ನು ಸುಡಾನಿನ ಕಥೆ ಕೇಳಿ, ಅದು ನಮ್ಮ ಮನೆಗೇ ಬರುತ್ತದೆ. ಅಂತರ್ಯುದ್ಧದ ನಡುವೆ ಅಲ್ಲಿ ಎಣ್ಣೆ ತೆಗೆಯುತ್ತಿದ್ದ ಕೆನಡಾದ ಟ್ಯಾಲಿಸ್ಮನ್ ಕಂಪನಿಯ ಮೇಲೆ ಕೆನಡಾದ ಚರ್ಚುಗಳೇ ವರ್ಷಗಟ್ಟಲೆ ಒತ್ತಡ ಹಾಕಿದವು. ಎಣ್ಣೆಗಾಗಿ ಹಳ್ಳಿಗರನ್ನು ಒಕ್ಕಲೆಬ್ಬಿಸುತ್ತಿದ್ದಾರೆ ಎಂಬುದು ಆರೋಪ. ಕಂಪನಿ ಕೊನೆಗೆ ತನ್ನ ಶೇ 25ರ ಪಾಲನ್ನು ಮಾರಿ ಹೊರನಡೆಯಿತು. 2003ರಲ್ಲಿ ಅದನ್ನು ಕೊಂಡವರು ಯಾರು? ನಮ್ಮ ಸರಕಾರಿ ಓಎನ್‌ಜಿಸಿ ವಿದೇಶ್. ಎಣ್ಣೆ ಹರಿಯುತ್ತಲೇ ಇತ್ತು. ಆ ಬಗ್ಗೆ ನಮ್ಮ ಯಾವ ಸಭೆಯಲ್ಲೂ ಒಂದು ಮಾತು ಕೇಳಿದ ನೆನಪು ನನಗಿಲ್ಲ.

ನಿಮ್ಮ ಹಣಕ್ಕೆ ಬರೋಣ. ತೆರಿಗೆ ವಿನಾಯಿತಿ ಪಡೆದ ಧಾರ್ಮಿಕ ಸಂಸ್ಥೆಗಳು ಖಾಸಗಿ ಕಂಪನಿಯ ಷೇರುಗಳಲ್ಲಿ ಹಣ ಹೂಡುವಂತಿಲ್ಲ. ಹೂಡಿದರೆ ವಿನಾಯಿತಿಗೇ ಕುತ್ತು. ಬ್ಯಾಂಕ್ ಠೇವಣಿ, ಅಂಚೆ ಉಳಿತಾಯಕ್ಕೆ ಅಡ್ಡಿಯಿಲ್ಲ. ಸಾರ್ವಜನಿಕ ವಲಯದ ಕಂಪನಿಗಳಿಗೂ ಅಡ್ಡಿಯಿಲ್ಲ. ಓಎನ್‌ಜಿಸಿಯೂ ಅಂಥದ್ದೇ ಎಂಬುದನ್ನು ಗಮನಿಸಿ.

ಹುಬ್ಬಳ್ಳಿ-ಧಾರವಾಡದ ಹಲವು ಚರ್ಚುಗಳ ಲೆಕ್ಕ ನೋಡಿದವನು ನಾನು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿ ಎಷ್ಟಕ್ಕೆ ಹೋಯಿತೆಂಬುದು ಎಲ್ಲರಿಗೂ ಬಾಯಿಪಾಠ. ಆ ಹಣದ ಠೇವಣಿ ರಸೀದಿ ಮಾತ್ರ ಕಪಾಟಿನಲ್ಲಿ, ರಬ್ಬರ್ ಬ್ಯಾಂಡ್ ಕರಗಿ ಕಾಗದಕ್ಕೆ ಅಂಟಿಕೊಂಡಿರುತ್ತದೆ. ಅವಧಿ ಮುಗಿದದ್ದೂ ಯಾರಿಗೂ ಗೊತ್ತಿರುವುದಿಲ್ಲ. ಗಾಜಾ ಆಮೇಲೆ. ಮೊದಲು ಕಪಾಟಿನ ಕೀಲಿಯನ್ನು ಆ ಯುವಕರ ಕೈಗೆ ಕೊಡಿ. ಪಟ್ಟಿ ಮಾಡಿ ವಾರ್ಷಿಕ ಸಭೆಯಲ್ಲಿ ಗಟ್ಟಿಯಾಗಿ ಓದಲಿ. ಸಭಾ ಹಿರಿಯರು ಮುನಿಸಿಕೊಂಡರೆ ನನ್ನ ಹೆಸರು ಹೇಳಿ.

ಪ್ರಶ್ನೆ: ವರ್ಣಭೇದ ಆಡಳಿತವಿದ್ದಾಗ ದಕ್ಷಿಣ ಆಫ್ರಿಕಾದಲ್ಲಾದರೂ ಕಂಪನಿಗಳ ಮೇಲಿನ ಇಂಥ ಒತ್ತಡ ಫಲಿಸಿತೇ?
– ಓದುಗರು, ರಾಣೆಬೆನ್ನೂರು

ಉತ್ತರ: ನಿಧಾನಕ್ಕೆ, ಮತ್ತು ಒಂದೇ ಕೈಯಿಂದಲ್ಲ. ಅಲ್ಲಿಂದ ಹೊರಬನ್ನಿ ಎಂದು ಅಮೆರಿಕದ ಎಪಿಸ್ಕೋಪಲ್ ಚರ್ಚು 1971ರಲ್ಲಿ ಕಾರು ಕಂಪನಿ ಜನರಲ್ ಮೋಟರ್ಸ್‌ನ ಷೇರುದಾರರ ಸಭೆಯಲ್ಲಿ ನಿರ್ಣಯ ಮಂಡಿಸಿತು. ಹೀನಾಯವಾಗಿ ಸೋತಿತು. ಕಂಪನಿಯ ಆಡಳಿತ ಮಂಡಳಿಯಲ್ಲಿದ್ದ ಪಾದ್ರಿ ಲಿಯಾನ್ ಸಲ್ಲಿವನ್ ಮಾತ್ರ ಎದ್ದುನಿಂತು ಬೆಂಬಲಿಸಿದರು. ಕಂಪನಿ ಹೊರಬಿದ್ದದ್ದು 1986ರಲ್ಲಿ. ಆಗಲೂ ಕಾರ್ಖಾನೆ ಮುಚ್ಚಲಿಲ್ಲ. ಅಲ್ಲಿನ ವ್ಯವಸ್ಥಾಪಕರೇ ಕೊಂಡು ನಡೆಸಿದರು.