ಸಂಪಾದಕರ ಉತ್ತರ: ಯಾವ ಖಾತೆಗೆ ಜಮಾ ಮಾಡ್ಲಿ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ: "ಗುಡ್ ಫ್ರೈಡೇ ದಿನ 12ರಿಂದ 3 ಗಂಟೆ ತನಕ ಚರ್ಚಲ್ಲಿ ಕೂತಿದ್ದೆ. ಅಕ್ಕಪಕ್ಕದವರೆಲ್ಲ ಕಣ್ಣೊರೆಸ್ಕೊಳ್ತಿದ್ರು, ನಂಗೆ ಒಂದು ಹನಿ ಬರ್ಲಿಲ್ಲ. ನಂಗೋಸ್ಕರ ಪ್ರಾಣ ಕೊಟ್ಟವನ ಋಣ ಹೇಗೆ ತೀರಿಸ್ಲಿ? ತೋಟದ ಅಗಳದ (ಗಡಿ ಕಂದಕದ) ಜಗಳದಲ್ಲಿ ಅಣ್ಣನ ಜೊತೆ ಮಾತು ಬಿಟ್ಟು 4 ವರ್ಷ ಆಯ್ತು, ಅದಕ್ಕೇ ದೇವರು ನನ್ನ ಎದೆ ಕಲ್ಲು ಮಾಡಿದ್ದಾನಾ?"

ಸಹೋದರರೆ, ನಿಮ್ಮ ಪತ್ರ ನಾಲ್ಕು ಪುಟ, ಅದ್ರಲ್ಲಿ ಕ್ರಿಸ್ತನ ಬಗ್ಗೆ ಅರ್ಧ ಪುಟ, ಉಳಿದಿದ್ದೆಲ್ಲ ಅಗಳ, ಬೇಜಾರು ಮಾಡ್ಕೋಬೇಡಿ, ಓದ್ತಾ ಓದ್ತಾ ನಗು ಬಂತು. ಅಳು ಬರ್ಲಿಲ್ಲ ಅಂತ ತಲೆ ಕೆಡಿಸ್ಕೋಬೇಡಿ. ಕೆಲವರಿಗೆ ಮದುವೆ ಮನೇಲೂ ಅಳು ಬರತ್ತೆ, ಕೆಲವರಿಗೆ ಸಾವಿನ ಮನೇಲೂ ಬರಲ್ಲ, ಭಕ್ತಿ ಅಳೆಯೋ ಮೀಟರ್ ಅಲ್ಲ ಅದು.

ನಾನು ತಡೆದು ನಿಂತಿದ್ದು 'ಋಣ ತೀರಿಸ್ಲಿ' ಅನ್ನೋ ಮಾತಿನ ಹತ್ರ. ಅವತ್ತು ಯೇಸು ಶಿಲುಬೆ ಮೇಲೆ ಆಡಿದ ಏಳು ಮಾತುಗಳ ಪ್ರಸಂಗ ಕೇಳಿರ್ತೀರಲ್ಲ, ಆರನೇದು ಏನು? ಯೋಹಾನ 19:30, "ತೀರಿತು". ನಮ್ಮ ಕನ್ನಡದಲ್ಲಿ ಈ ಪದ ಎಷ್ಟು ಕೆಲಸ ಮಾಡತ್ತೆ ನೋಡಿ, ಕೆಲಸ ಮುಗಿದ್ರೂ ತೀರ್ತು, ಸಾಲ ಕಟ್ಟಿದ್ರೂ ತೀರ್ತು, ಮನುಷ್ಯ ಹೋದ್ರೂ ತೀರ್ಕೊಂಡ. ಶಿಲುಬೆ ಮೇಲೆ ಮೂರೂ ಒಂದೇ ಗಳಿಗೇಲಿ ಆಯ್ತು. ಗ್ರೀಕಲ್ಲಿ ಅದು ತೆತೆಲೆಸ್ತಾಯ್, ಅದೇ ಕ್ರಿಯಾಪದನ ಮತ್ತಾಯ 17:24ರಲ್ಲಿ ದೇವಾಲಯದ ತೆರಿಗೆ ಕಟ್ಟೋದಕ್ಕೂ ಬಳಸಿದ್ದಾರೆ. ಅವನೇ ತೀರಿತು ಅಂದಮೇಲೆ ನೀವು ಮತ್ತೆ ತೀರಿಸ್ತೀನಿ ಅಂತ ಹೊರಟ್ರೆ ಹೇಗೆ?

ನಮ್ಮಪ್ಪನ ಕತೆ ಹೇಳ್ತೀನಿ. ಒಂದು ವರ್ಷ ಕೊಳೆ ರೋಗ ಬಂದು ಅಡಿಕೆ ಎಲ್ಲ ನೆಲಕ್ಕೆ, ಅಕ್ಕನ ಮದುವೆಗೆ ಶಿವಮೊಗ್ಗದ ಅಡಿಕೆ ಮಂಡಿ ಸಾಹುಕಾರ್ರಿಂದ ತಂದಿದ್ದ ಸಾಲ ಹಾಗೇ ಉಳೀತು, ಬಡ್ಡಿ ಬೆಳೀತು, ಅಪ್ಪ ಆ ರಸ್ತೇಲಿ ಓಡಾಡೋದೇ ಬಿಟ್ಟಿದ್ರು. ಕೊನೆಗೆ ಸಾಹುಕಾರ್ರೇ ಹೇಳಿ ಕಳ್ಸಿದ್ರು. ನಾನೂ ಜೊತೆಗೆ ಹೋಗಿದ್ದೆ. ಗಾದಿ ಮೇಲೆ ಕೂತು ಕೆಂಪು ರಟ್ಟಿನ ಪುಸ್ತಕ ತೆಗೆದು ನಮ್ಮ ಪುಟಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು ಕೆಳಗೆ 'ಚುಕ್ತಾ' ಅಂತ ಬರೆದ್ರು, ಅಷ್ಟೇ, ಒಂದು ಭಾಷಣ ಇಲ್ಲ. ಅಪ್ಪನಿಗೆ ಮನಸ್ಸು ತಡೀಲಿಲ್ಲ, ಮುಂದಿನ ಸೀಸನ್ನಲ್ಲಿ ಒಂದು ಮೂಟೆ ರಾಶಿ ಅಡಿಕೆ ಹೊತ್ಕೊಂಡು ಹೋದ್ರು. ಸಾಹುಕಾರ್ರಿಗೆ ಸಿಟ್ಟೇ ಬಂತು, "ಪುಸ್ತಕದಲ್ಲಿ ನಿನ್ನ ಬಾಕಿನೇ ಇಲ್ವಲ್ಲ ಮಾರಾಯ, ಯಾವ ಖಾತೆಗೆ ಜಮಾ ಮಾಡ್ಲಿ?" ಅಂದ್ರು. ಅಪ್ಪ ಮೂಟೆ ವಾಪಸ್ ತಂದ್ರು. ಆದ್ರೆ ಬದುಕಿರೋ ತನಕ ಪ್ರತಿ ವರ್ಷ ಆ ಮನೆಗೆ ಒಂದು ಬುಟ್ಟಿ ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವಿನ ಮಿಡಿ) ತಪ್ಪಿಸ್ಲಿಲ್ಲ, ಅದನ್ನ ಮಾತ್ರ ಸಾಹುಕಾರ್ರು ಎರಡೂ ಕೈಯಲ್ಲಿ ಇಸ್ಕೊಳ್ತಿದ್ರು.

ಅಪ್ಪೆಮಿಡಿಗೂ ಮೂಟೆಗೂ ಇರೋ ಈ ವ್ಯತ್ಯಾಸನೇ ನಾನು ನಿಮಗೆ ಹೇಳ್ಬೇಕಂದಿದ್ದು. ಇನ್ನೊಂದು, ಚುಕ್ತಾ ಅಂದ ತಕ್ಷಣ ದುಡ್ಡು ಮಾಯ ಆಗಲ್ಲ, ಕೊಟ್ಟವನ ಗಂಟಿಂದ ಹೋಗತ್ತೆ. ಹೋಲಿಕೆ ಇಲ್ಲಿಗೇ ನಿಲ್ಸ್ಬೇಕು, ಯಾಕಂದ್ರೆ ಅಪ್ಪ ಸಾಹುಕಾರ್ರಿಗೆ ವೈರಿ ಆಗಿರ್ಲಿಲ್ಲ, ರೋಮಾಪುರ 5:10ರಲ್ಲಿ ಅಪೊಸ್ತಲ ಪೌಲ ಹೇಳೋದು ನಾವು ವೈರಿಗಳಾಗಿದ್ದಾಗಲೇ ಮಗನ ಸಾವಿನಿಂದ ದೇವರ ಜೊತೆ ಸಮಾಧಾನ ಆಯ್ತು ಅಂತ. ಊರ ಪಂಚಾಯ್ತಿ ರಾಜಿ ಅಂದ್ರೆ ಇಬ್ರೂ ಅರ್ಧರ್ಧ ಬಿಡೋದು. ಇಲ್ಲಿ ಹಾಗಲ್ಲ, ನೊಂದವನೇ ಪೂರ್ತಿ ಬಿಟ್ಟು, ನೊಂದವನೇ ಮೊದಲು ಎದ್ದು ಬಂದಿದ್ದು, ಅದೂ ಸಾಲದು ಅಂತ 2 ಕೊರಿಂಥ 5:20ರಲ್ಲಿ ದೇವರ ಪರವಾಗಿ ಪೌಲ ನಮ್ಮನ್ನ ಬೇಡ್ಕೊಳ್ತಾನೆ. ತಪ್ಪು ಮಾಡಿದ್ದು ನಾವು, ಬೇಡ್ಕೊಳ್ಳೋದು ಅವರ ಕಡೆಯವರು!

ಲೂಕ 17ರ ಹತ್ತು ಕುಷ್ಠರೋಗಿಗಳು ಗೊತ್ತಲ್ಲ, ಥ್ಯಾಂಕ್ಸ್ ಹೇಳೋಕೆ ವಾಪಸ್ ಬಂದವನು ಒಬ್ಬನೇ, ಅವನೂ ಯೆಹೂದ್ಯರು ದೂರ ಇಡ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಜನ ಎಲ್ಲಿ ಅಂತ ಯೇಸು ಕೇಳಿದ, ನೋವಿಂದಲೇ ಕೇಳಿರ್ಬೇಕು. ಆದ್ರೆ ಆ ಒಂಬತ್ತು ಜನರಿಗೆ ಕುಷ್ಠ ಮರಳಿ ಬಂತು ಅಂತ ಎಲ್ಲೂ ಬರೆದಿಲ್ಲ. ಹಾಗಾಗಿ ದೇವರು ನಿಮ್ಮ ಎದೆ ಕಲ್ಲು ಮಾಡಿ ಸೇಡು ತೀರಿಸ್ಕೊಳ್ತಿದ್ದಾನೆ ಅನ್ನೋದನ್ನ ನಾನು ಒಪ್ಪಲ್ಲ.

ಇನ್ನು ಅಣ್ಣ. ಕಾಣಿಕೆ ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ರ ಹೋಗು ಅಂತ ಮತ್ತಾಯ 5:24 ಇದೆ, ನಿಜ, ಅದನ್ನ ಬೆತ್ತ ಮಾಡಿ ನಿಮ್ಮ ಬೆನ್ನಿಗೆ ಬಾರಿಸೋ ಇಷ್ಟ ನಂಗಿಲ್ಲ. ಅಗಳ ಯಾರ ಕಡೆ ಎಷ್ಟು ಸರಿದಿದೆ ಅನ್ನೋದನ್ನ ಸರ್ವೆಯವರು ಬಂದು ಅಳೀಲಿ, ಜಾಗ ಬಿಟ್ಕೊಡಿ ಅಂತ ನಾನು ಹೇಳ್ತಿಲ್ಲ. ಆದ್ರೆ ಅಳೆಯೋ ತನಕ ಕಾಯ್ಬೇಡಿ. ಫೋನ್ ಬೇಡ, ಫೋನಲ್ಲಿ ಎರಡನೇ ಮಾತಿಗೇ ಅಗಳ ಬರತ್ತೆ. ಒಂದು ಸಂಜೆ ಸುಮ್ನೆ ಹೋಗಿ, ಕೈಯಲ್ಲಿ ಏನಾದ್ರೂ ಹಿಡ್ಕೊಂಡು ಹೋಗಿ, ಅತ್ತಿಗೆ ಕಾಫಿ ಕೊಟ್ರೆ ಬೇಡ ಅನ್ಬೇಡಿ. ಅಣ್ಣ ಮುಖ ತಿರುಗಿಸಿದ್ರೆ ಬುಟ್ಟಿ ಜಗಲಿ ಮೇಲಿಟ್ಟು ಬನ್ನಿ.

ಏನಾಯ್ತು ಅಂತ ಖಂಡಿತ ಬರೀರಿ. ಈ ಸಲ ಅಗಳಕ್ಕೆ ಅರ್ಧ ಪುಟ ಸಾಕು.