ಡಿಬಿ11 ಕೊಳ್ಳುವವರಿಗೆ: ವಿ8 ಸಾಕಾ, ವಿ12 ಬೇಕಾ, ಎಎಂಆರ್‌ಗೆ ಕಾಯಬೇಕಾ?

ಬಳಸಿದ ಆಸ್ಟನ್ ಮಾರ್ಟಿನ್ ಡಿಬಿ11 ಕೊಳ್ಳಬೇಕು, ವಿ8 (ಎಂಟು ಸಿಲಿಂಡರ್), ಮೊದಲ ವಿ12 (ಹನ್ನೆರಡು ಸಿಲಿಂಡರ್), ಎಎಂಆರ್ (ವಿ12ರ ನಂತರ ಬಂದ, ಪವರ್ ಹೆಚ್ಚಿಸಿದ ಆವೃತ್ತಿ) ಈ ಮೂರರಲ್ಲಿ ಯಾವುದು ಓಡಿಸಲು ಚೆನ್ನ, ಪವರ್ ಜಾಸ್ತಿ ಇರುವುದನ್ನೇ ಹುಡುಕಬೇಕಾ ಅಂತ ಕೇಳಿದ್ದೀರಿ. ತಿರುವುಗಳಿರುವ ರಸ್ತೆ ನಿಮಗೆ ಇಷ್ಟ ಅಂದರೆ ಕಣ್ಣು ಮುಚ್ಚಿಕೊಂಡು ವಿ8 ತಗೊಳ್ಳಿ. ಹನ್ನೆರಡು ಸಿಲಿಂಡರ್ ಇಲ್ಲದೆ ಮನಸ್ಸು ಒಪ್ಪಲ್ಲ ಅಂದರೆ ಒಳ್ಳೆಯ ಎಎಂಆರ್ ಸಿಗುವವರೆಗೆ ಕಾಯಿರಿ.

ಮೊದಲು ಅಂಕಿಗಳನ್ನು ನೋಡಿಬಿಡೋಣ. 2016ರಲ್ಲಿ ಬಂದ ವಿ12ನಲ್ಲಿ 5.2 ಲೀಟರ್ ಟ್ವಿನ್ ಟರ್ಬೊ ಎಂಜಿನ್ ಇದೆ. 600 ಬಿಎಚ್‌ಪಿ ಪವರ್, 700 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ). ಮರುವರ್ಷ ಬಂದ ವಿ8ಗೆ ಮರ್ಸಿಡಿಸ್-ಎಎಂಜಿಯ 4 ಲೀಟರ್ ಟ್ವಿನ್ ಟರ್ಬೊ. ಶುರುವಿನಲ್ಲಿ 503 ಬಿಎಚ್‌ಪಿ, 675 ಎನ್‌ಎಂ. 2018ರಲ್ಲಿ ಎಎಂಆರ್ ಬಂದು ವಿ12ರ ಜಾಗ ಹಿಡಿಯಿತು. ಎಂಜಿನ್ ಅದೇ, ಪವರ್ ಮಾತ್ರ 630ಕ್ಕೆ ಏರಿತು, ಟಾರ್ಕ್ ಇದ್ದಷ್ಟೇ ಇದೆ.

ಈಗ ನಿಂತಲ್ಲಿಂದ ಗಂಟೆಗೆ 100 ಕಿಮೀ ವೇಗ ಮುಟ್ಟಲು ಬೇಕಾದ ಸಮಯ ನೋಡಿ. ವಿ8ಗೆ 4.0 ಸೆಕೆಂಡ್, ವಿ12ಗೆ 3.9, ಎಎಂಆರ್‌ಗೆ 3.7. ಹತ್ತಿರ ಹತ್ತಿರ 100 ಬಿಎಚ್‌ಪಿ ಜಾಸ್ತಿ ಇದ್ದರೂ ವಿ12 ಗಳಿಸಿದ್ದು ಸೆಕೆಂಡಿನ ಹತ್ತನೇ ಒಂದು ಭಾಗ! ಟಾರ್ಕ್‌ನಲ್ಲಿ ಇರುವ ಅಂತರ 25 ಎನ್‌ಎಂ ಮಾತ್ರ, ಮೇಲಾಗಿ ವಿ8 ಕಾರು 115 ಕೆಜಿ ಹಗುರ. ಗಂಟೆಗೆ 300 ಕಿಮೀ ದಾಟಿದ ಮೇಲೆ ವಿ12 ಮುಂದೆ ಹೋಗುತ್ತದೆ ನಿಜ, ಆದರೆ ಅಲ್ಲಿಗೆ ನಾವು ಎಷ್ಟು ಸಲ ಹೋಗುತ್ತೇವೆ?

ಎಷ್ಟು ಹಗುರ ಅನ್ನುವುದಕ್ಕಿಂತ ಎಲ್ಲಿ ಹಗುರ ಅನ್ನುವುದು ಮುಖ್ಯ. ವಿ8 ಎಂಜಿನ್ ಉದ್ದದಲ್ಲಿ ಚಿಕ್ಕದು, ಹಾಗಾಗಿ ಅದು ಮುಂದಿನ ಆಕ್ಸಲ್‌ನಿಂದ ಹಿಂದಕ್ಕೆ ಸರಿದು ಕೂತಿದೆ. ಝಡ್‌ಎಫ್ ಕಂಪನಿಯ ಎಂಟು ಗೇರಿನ ಗೇರ್‌ಬಾಕ್ಸ್ ಮೂರರಲ್ಲೂ ಹಿಂದೆಯೇ ಇದೆ. ಹೀಗಾಗಿ ವಿ12ರಲ್ಲಿ ಮುಂದೆ 51, ಹಿಂದೆ 49 ಇದ್ದ ತೂಕದ ಪಾಲು ವಿ8ರಲ್ಲಿ ಉಲ್ಟಾ ಆಗಿದೆ. ಕಾಗದದ ಮೇಲೆ ಎರಡೇ ಅಂಕ, ರಸ್ತೆಯಲ್ಲಿ ಬೇರೆಯೇ ಕಾರು. ಬ್ರೇಕ್ ಬಿಡುತ್ತಾ ತಿರುವಿಗೆ ಇಳಿಯುವಾಗ ಗೊತ್ತಾಗುತ್ತದೆ. ವಿ8ರ ಮೂತಿ ಸ್ಟೀರಿಂಗ್ ಜೊತೆಗೇ ತಿರುಗುತ್ತದೆ. ಮೊದಲ ವಿ12ರಲ್ಲಿ ಮೂತಿ ತಿರುಗಿದ ಮೇಲೆ ಹಿಂಭಾಗ ಒಂದು ಗಳಿಗೆ ತಡವಾಗಿ ಬಂದು ಸೇರಿಕೊಳ್ಳುತ್ತದೆ. ವಿ8 ತಯಾರಿಸುವಾಗ ಸ್ಪ್ರಿಂಗ್, ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಆ್ಯಂಟಿ-ರೋಲ್ ಬಾರ್, ಬುಷ್ ಹೀಗೆ ಸಸ್ಪೆನ್ಷನ್ ಭಾಗಗಳೆಲ್ಲವನ್ನೂ ಹೊಸದಾಗಿ ಹೊಂದಿಸಿದ್ದರು. ಎಎಂಆರ್‌ಗೂ ಹೀಗೇ ಸಸ್ಪೆನ್ಷನ್ ಬಿಗಿ ಮಾಡಿದರು. ಎಎಂಆರ್‌ನ ನಿಜವಾದ ಲಾಭ ಇದು, ಆ 30 ಬಿಎಚ್‌ಪಿ ಅಲ್ಲ.

ಹಾಗಂತ ವಿ12 ಎಂಜಿನ್ ಬಗ್ಗೆ ನನಗೆ ತಾತ್ಸಾರ ಇಲ್ಲ, ತುಂಬಾ ಪ್ರೀತಿಯೇ ಇದೆ. 1,500 ಆರ್‌ಪಿಎಂನಿಂದಲೇ ಪೂರ್ತಿ ಟಾರ್ಕ್ ಸಿಗುತ್ತದೆ. ಹೈವೇಯಲ್ಲಿ ನಿಧಾನಕ್ಕೆ ಹೋಗುವಾಗ ಒಂದು ಬದಿಯ ಆರು ಸಿಲಿಂಡರ್‌ಗಳನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಆ ಬದಿಯ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ತಣ್ಣಗಾಗುವಷ್ಟರಲ್ಲಿ ಅದನ್ನು ಎಬ್ಬಿಸಿ ಇನ್ನೊಂದು ಬದಿಯನ್ನು ಮಲಗಿಸುತ್ತದೆ. ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಇಡೀ ದಿನ ನೇರ ರಸ್ತೆಯಲ್ಲೇ ಓಡಿಸುವವರಿಗೆ ಇಂಥ ಎಂಜಿನ್ ಇನ್ನೊಂದಿಲ್ಲ. ದನಿಯೂ ಅಷ್ಟೇ, ವಿ8 ಗುಡುಗುತ್ತದೆ, ವಿ12 ಹಾಡುತ್ತದೆ.

ಮೇಲ್ಛಾವಣಿ ತೆಗೆಯುವ ವೊಲಾಂಟೆ ಬೇಕಿದ್ದರೆ ಆಯ್ಕೆಯೇ ಇಲ್ಲ, ಅದು ಬಂದದ್ದು ವಿ8ರಲ್ಲಿ ಮಾತ್ರ. ಮೇಲ್ಛಾವಣಿ ತೆಗೆಯಲಾಗದ ಕೂಪೆ ನೋಡಲು ಹೋದಾಗ ಬಾನೆಟ್ ಮೇಲೆ ಕಣ್ಣು ಹಾಯಿಸಿ. ಗಾಳಿಕಿಂಡಿ ನಾಲ್ಕಿದ್ದರೆ ವಿ12, ಎರಡಿದ್ದರೆ ವಿ8.

ಟೆಸ್ಟ್ ಡ್ರೈವ್ ಸುಮ್ನೆ ಒಂದು ಸುತ್ತು ಹೊಡೆದು ಮುಗಿಸಬೇಡಿ. ಎಂಜಿನ್‌ಗೆ ಒಂದು, ಡ್ಯಾಂಪರ್‌ಗೆ ಒಂದು ಅಂತ ಸ್ಟೀರಿಂಗ್ ಮೇಲೆ ಬೇರೆ ಬೇರೆ ಬಟನ್ ಇವೆ. ಎಂಜಿನ್ ಸ್ಪೋರ್ಟ್ ಮೋಡ್‌ನಲ್ಲಿ, ಡ್ಯಾಂಪರ್ ಮೆತ್ತನೆಯ ಜಿಟಿ ಮೋಡ್‌ನಲ್ಲಿ ಇಟ್ಟು ಸ್ವಲ್ಪ ಏರುಪೇರಿರುವ, ತಿರುವಿರುವ ರಸ್ತೆಯಲ್ಲಿ ಓಡಿಸಿ ನೋಡಿ. ಒಂದೇ ದಿನ ವಿ8, ವಿ12 ಎರಡನ್ನೂ ಓಡಿಸಲು ಆದರೆ ಇನ್ನೂ ಒಳ್ಳೆಯದು.