ಮಯಾಮಿ ಕ್ರೂಸ್‌ನಲ್ಲಿ 20 ವರ್ಷದ ಮಗನಿಗೆ ಅಪ್ಪನೇ ಬಿಯರ್ ಕೊಡಿಸಬಹುದೇ?

ಡಿಸೆಂಬರ್‌ನಲ್ಲಿ ಅಮೆರಿಕದ ಮಯಾಮಿಯಿಂದ ಕ್ರೂಸ್ ಹೋಗುತ್ತೇವೆ, ಮಗನಿಗೆ 21 ತುಂಬುವುದು ಮಾರ್ಚ್‌ನಲ್ಲಿ ಅಂತ ಬರೆದು, "ನಡುಸಮುದ್ರದಲ್ಲಿ ಯಾವ ದೇಶದ ಕಾನೂನೂ ಇಲ್ಲವಲ್ಲ, ನಮ್ಮ ಕಾರ್ಡ್‌ನಲ್ಲೇ ಮಗನಿಗೊಂದು ಬಿಯರ್ ತೆಗೆದುಕೊಟ್ಟರೆ ಏನಾಗುತ್ತದೆ" ಅಂತ ಕೇಳಿದ್ದೀರಿ. ಇದೇ ಮಾತನ್ನು ಒಂದು ಕ್ರೂಸ್ ಹಡಗಿನ ಈಜುಕೊಳದ ಪಕ್ಕದ ಬಾರ್‌ನಲ್ಲಿ ಒಬ್ಬರು ಅಪ್ಪ ನನಗೂ ಹೇಳಿದ್ದರು. ನಾನಾಗ ಬಾರ್ ವೇಟರ್. ಉಡುಪಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ, ಸಾಲ ಮಾಡಿ ಸಿಡಿಸಿ (ನಾವಿಕರ ದಾಖಲೆ ಪುಸ್ತಕ), ಎಸ್‌ಟಿಸಿಡಬ್ಲ್ಯೂ ಎಂಬ ಹಡಗಿನ ಸುರಕ್ಷತಾ ಕೋರ್ಸ್, ಹಡಗು ಸಿಬ್ಬಂದಿಗೆ ಬೇಕಾದ ಅಮೆರಿಕದ ಸಿ1/ಡಿ ವೀಸಾ ಎಲ್ಲ ಮಾಡಿಸಿಕೊಂಡು ಹತ್ತಿದ ಹಡಗು. ಕಂಪನಿಯ ಹೆಸರು ಬೇಡ. ಒಂಬತ್ತು ತಿಂಗಳ ಕಾಂಟ್ರಾಕ್ಟ್‌ನಲ್ಲಿ ಐದನೆಯ ತಿಂಗಳು ನಡೆಯುತ್ತಿತ್ತು.

ಅವರು ನನ್ನ ಬ್ಯಾಡ್ಜ್ ಓದಿ "ಇಲ್ಲ್ ಓಲು?" (ಮನೆ ಎಲ್ಲಿ?) ಅಂದರು. ಐದು ತಿಂಗಳ ನಂತರ ತುಳು ಕಿವಿಗೆ ಬಿದ್ದಾಗ ಏನಾಗುತ್ತದೆ ಅಂತ ಹಡಗಿನಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಎರಡು ಬಿಯರ್ ಹೇಳಿದರು. ಹಡಗಿನಲ್ಲಿ ಕುಡಿಯಲು 21 ತುಂಬಿರಬೇಕು, ಮಗನಿಗೆ ಅದು ತುಂಬುವುದು ಮರುದಿನವಂತೆ. "ಇನ್ನು ಆರು ಗಂಟೆ ಮಾರಾಯ, ಅಷ್ಟೇ."

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಡಗಿನ ಬಾರ್‌ನಲ್ಲಿ ನಗದು ನಡೆಯುವುದಿಲ್ಲ, ರೂಮಿನ ಕೀಲಿ ಕಾರ್ಡೇ ದುಡ್ಡು. ಅದನ್ನು ಬಿಲ್ಲಿಂಗ್ ಯಂತ್ರದಲ್ಲಿ ಎಳೆದರೆ ಫೋಟೋ, ವಯಸ್ಸು ಪರದೆ ಮೇಲೆ ಬರುತ್ತದೆ. ಸಣ್ಣವರ ಕಾರ್ಡ್ ಆದರೆ ಯಂತ್ರವೇ ತಡೆಯುತ್ತದೆ. ನಾನು ಎಳೆದದ್ದು ಅಪ್ಪನ ಕಾರ್ಡ್. ಎರಡನೆಯ ಬಾಟಲಿ ಯಾರ ಕೈಗೆ ಹೋಗುತ್ತದೆ ಅಂತ ಯಂತ್ರಕ್ಕೇನು ಗೊತ್ತು? ಒಂದು ಕಾರ್ಡ್‌ಗೆ ಎರಡು ಡ್ರಿಂಕ್ ಬರೆದರೆ ಎರಡನೆಯವರ ಕಾರ್ಡನ್ನೂ ಕೇಳಿ ನೋಡಬೇಕು ಅಂತ ಮೊದಲ ವಾರದ ಟ್ರೈನಿಂಗ್‌ನಲ್ಲೇ ಹೇಳಿದ್ದರು. ನಾನು ಕೇಳಲಿಲ್ಲ. ವಯಸ್ಸು ಗೊತ್ತಿದ್ದೂ ಮುಚ್ಚಳ ತೆಗೆದು ಹುಡುಗನ ಮುಂದೆಯೇ ಇಟ್ಟೆ. ಎರಡನ್ನೂ ಅಪ್ಪನ ಮುಂದಿಟ್ಟು ಸುಮ್ಮನೆ ಹೋಗಿದ್ದರೆ ಬಚಾವಾಗುತ್ತಿದ್ದೆನಾ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಆಗುತ್ತಿರಲಿಲ್ಲ, ತಲೆಯ ಮೇಲೆ ಕ್ಯಾಮೆರಾ ಇತ್ತು.

ಆ ಆರು ಗಂಟೆಯ ಲೆಕ್ಕವೂ ತಪ್ಪು. ವಯಸ್ಸನ್ನು ಹಿಡಿಯುವುದು ಹಡಗು ಹೊರಟ ದಿನಕ್ಕೆ. ಪ್ರಯಾಣದ ನಡುವೆ ಹುಟ್ಟುಹಬ್ಬ ಬಂದರೆ, ಆ ದಿನ ಗೆಸ್ಟ್ ಸರ್ವಿಸಸ್ ಕೌಂಟರ್‌ಗೆ ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗಿ ದಾಖಲೆ ತಿದ್ದಿಸಬೇಕು. ಮಧ್ಯರಾತ್ರಿ ಹನ್ನೆರಡು ಹೊಡೆದ ಕೂಡಲೇ ಕಾರ್ಡ್ ತಾನಾಗಿ ಬದಲಾಗುವುದಿಲ್ಲ.

ಆ ಅಪ್ಪನಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ನನಗೆ ಮುಂದಿನ ಬಂದರಿನಲ್ಲಿ ಸೈನ್ ಆಫ್, ಅಂದರೆ ಕೆಲಸದಿಂದ ತೆಗೆದು ಹಡಗಿನಿಂದ ಇಳಿಸಿದರು. ವಾಪಸ್ ಟಿಕೆಟ್‌ನ ದುಡ್ಡು ನನ್ನ ಸಂಬಳದಲ್ಲೇ ಹಿಡಿದರು.

ಈಗ ನಿಮ್ಮ "ಕಾನೂನಿಲ್ಲ" ಎಂಬ ಮಾತಿಗೆ ಬರುತ್ತೇನೆ. ಮಲ್ಪೆ ಬೋಟಿನವರಿಗೆ ಗೊತ್ತಿರುವ 12 ನಾಟಿಕಲ್ ಮೈಲಿನ ಸಮುದ್ರಗಡಿಯ ಗೆರೆ, ಅಂದರೆ ಸುಮಾರು 22 ಕಿಲೋಮೀಟರ್, ದಾಟಿದ ಮೇಲೆ ಹಡಗಿಗೆ ಅದರ ಧ್ವಜದ ದೇಶದ ಕಾನೂನು ಇದ್ದೇ ಇರುತ್ತದೆ. ಕ್ರೂಸ್ ಹಡಗುಗಳಲ್ಲಿ ಬಹಳಷ್ಟಕ್ಕೆ ಬಹಾಮಾಸ್ ಅಥವಾ ಪನಾಮಾ ಧ್ವಜ. ಎರಡೂ ಕಡೆ ಕುಡಿಯುವ ವಯಸ್ಸು 18. ಹಾಗಾದರೆ ಆಯಿತಲ್ಲ ಅನ್ನಬೇಡಿ, ಕಂಪನಿ ಅದರ ಮೇಲೆ ತನ್ನದೇ ನಿಯಮ ಹಾಕಿರುತ್ತದೆ, ಟಿಕೆಟ್ ಕೊಂಡಾಗ ನೀವು ಅದಕ್ಕೆ ಒಪ್ಪಿಯೇ ಇರುತ್ತೀರಿ. ಅಮೆರಿಕದಿಂದ ಹೊರಡುವ ಹಡಗಿಗೆ ಸಾಮಾನ್ಯವಾಗಿ 21. ಅದೇ ರಾಯಲ್ ಕೆರಿಬಿಯನ್ ಎಂಬ ಕಂಪನಿಯ ಹಡಗು ಸಿಂಗಾಪುರದಿಂದ ಹೊರಟರೆ 18. ನಮ್ಮಲ್ಲಿ ತಲಪಾಡಿ ದಾಟಿ ಕೇರಳಕ್ಕೆ ಹೋದರೆ 23, ಮಾಜಾಳಿ ದಾಟಿ ಗೋವಾಕ್ಕೆ ಹೋದರೆ 18 ಆಗುತ್ತದಲ್ಲ, ಹಡಗಿನಲ್ಲಿ ಹಾಗೆ ಗಡಿಗಡಿಗೆ ಬದಲಾಗುವುದಿಲ್ಲ. ಎಲ್ಲಿಂದ ಹೊರಟಿತು ಅನ್ನುವುದೇ ಮುಖ್ಯ.

ನಾರ್ವೀಜಿಯನ್ ಕ್ರೂಸ್ ಲೈನ್‌ನಲ್ಲಿ 18ರಿಂದ 20ರವರಿಗೆ ಜೊತೆಗಿರುವ ತಂದೆ ಅಥವಾ ತಾಯಿ ಸಹಿ ಹಾಕಿದರೆ ಬಿಯರ್, ವೈನ್ ಮಾತ್ರ ಕೊಡುವ ಪದ್ಧತಿ ಇತ್ತು, ಈಗಲೂ ಉಂಟಾ ಅಂತ ಗೊತ್ತಿಲ್ಲ. ಅದೂ ಅಂತರರಾಷ್ಟ್ರೀಯ ಜಲದಲ್ಲಿ, ಅಂದರೆ ಯಾವ ದೇಶದ ಸಮುದ್ರಗಡಿಗೂ ಸೇರದ ಕಡೆ ಇರುವಾಗ, ಅಲಾಸ್ಕಾ, ಹವಾಯಿ ಬಿಟ್ಟು. ಬುಕ್ ಮಾಡುವ ಮೊದಲು ಈಗಿನ ನಿಯಮ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಮೊದಲೇ ದುಡ್ಡು ಕಟ್ಟುವ ಡ್ರಿಂಕ್ಸ್ ಪ್ಯಾಕೇಜ್ ತೆಗೆದು ಹಂಚಿಕೊಳ್ಳುವ ಯೋಚನೆ ಇದ್ದರೆ ಬಿಡಿ. ಸಿಕ್ಕಿಬಿದ್ದರೆ ಪ್ಯಾಕೇಜೇ ರದ್ದಾಗಬಹುದು. ಶಾಂಪೂ ಬಾಟಲಿಯಲ್ಲಿ ತುಂಬಿಸಿ ತರುವ ಉಪಾಯವೂ ಹಳೆಯದು, ಹಡಗು ಹತ್ತುವ ದಾರಿಯ (ಗ್ಯಾಂಗ್‌ವೇ) ಎಕ್ಸ್‌ರೇಯಲ್ಲಿ ಕೂತವರು ದಿನಾ ನೋಡುತ್ತಾರೆ. ಬಂದರಿನ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನೂ ತೆಗೆದಿಟ್ಟುಕೊಂಡು ಪ್ರಯಾಣದ ಕೊನೆಗೇ ಕೊಡುವುದು.

ನನ್ನನ್ನು ಕೇಳಿದರೆ ಡಿಸೆಂಬರ್ ಬೇಡ. ಮಾರ್ಚ್‌ನಲ್ಲಿ ಮಗನಿಗೆ 21 ತುಂಬುತ್ತದೆ ಅಂತ ನೀವೇ ಬರೆದಿದ್ದೀರಲ್ಲ, ಏಪ್ರಿಲ್‌ಗೆ ಟಿಕೆಟ್ ತೆಗೆಸಿ. ಡಿಸೆಂಬರೇ ಆಗಬೇಕು ಅಂತಿದ್ದರೆ ಸಿಂಗಾಪುರ ನೋಡಿ. ಎರಡೂ ಆಗದಿದ್ದರೆ ಹುಡುಗನಿಗೆ ಮಾಕ್‌ಟೇಲ್ ಹೇಳಿ, ಬಾರ್‌ನಲ್ಲಿ ತುಳು ಮಾತಾಡುವ ಹುಡುಗ ಸಿಕ್ಕಿದರೂ ಅವನ ಹತ್ತಿರ ಬಿಯರ್ ಮಾತ್ರ ಕೇಳಬೇಡಿ ಮಾರಾಯ್ರೆ.